ದೂರೇನಿಲ್ಲ ಬಾ

ವುಲ್ವರ್‌ಹ್ಯಾಂಪ್ಟನ್
12 ಅಕ್ಟೋಬರ್ 1997

ನೀಲವ್ವಾ,

ಆಶೀರ್ವಾದ ಮೊದಲು, ಜಗಳ ಆಮೇಲೆ.

ನೀನು ಫಾರ್ಮಸಿ ಓದುವುದನ್ನು ಬಿಟ್ಟೆ ಎಂಬ ಸುದ್ದಿ ನನಗೆ ರಾಜಶೇಖರನ ಮನೆಯ ಊಟದ ಪಂಕ್ತಿಯಲ್ಲಿ ತಿಳಿಯಬೇಕಾಯಿತು. ಅವನ ಮಗ ಲೀಡ್ಸಿನ ಯಾವುದೋ ಪಬ್ಬಿನ ಗೋಡೆಯ ಮೇಲೆ ನಿನ್ನ ಫೋಟೋ ನೋಡಿದನಂತೆ. "ಸಿದ್ದರಾಮಪ್ಪಾ, ನಿನ್ನ ಮಗಳು ಅರ್ಧಾ ತಲಿ ಬೋಳಿಸ್ಕೊಂಡಾಳಲ್ಲೋ, ಏನರ ಹರಕಿ ಹೊತ್ತಿದ್ದೇನು?" ಎಂದು ರಾಜಶೇಖರ ಎಲ್ಲರೆದುರು ಕೇಳಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ.

ನಿಮ್ಮ ಬ್ಯಾಂಡಿನ ಹೆಸರು ಸ್ಕಿಪ್ ಫೈರ್ ಅಂತೆ. ಮನೆ ರಿಪೇರಿ ಮಾಡಿಸುವವರು ಕಸ ತುಂಬಲು ರಸ್ತೆ ಬದಿಗೆ ಇಡಿಸುತ್ತಾರಲ್ಲ ಕಬ್ಬಿಣದ ದೊಡ್ಡ ತೊಟ್ಟಿ, ಅದಕ್ಕೆ ಬಿದ್ದ ಬೆಂಕಿ. ನಮ್ಮಪ್ಪ ನಿನಗೆ ನೀಲಾಂಬಿಕಾ ಎಂದು ಆರಿಸಿ ಹೆಸರಿಟ್ಟ. ನೀನು ನಿನಗೆ ಇಟ್ಟುಕೊಂಡ ಹೆಸರು ಇದು.

ಮನೆ ಬಿಡುವಾಗ ನೀನು ಒಂದು ಮಾತು ಕೊಟ್ಟಿದ್ದೆ: ತಿಂಗಳಿಗೊಂದು ಪತ್ರ, ಕನ್ನಡದಲ್ಲಿ. ಫೋನಿನಲ್ಲಿ ನೀನು ಎರಡನೆಯ ಮಾತಿಗೇ ಇಂಗ್ಲಿಷಿಗೆ ಜಾರುತ್ತೀ. ಇಂಗ್ಲಿಷಿನಲ್ಲಿ ನೀನು ಯಾರದೋ ಮಗಳಂತೆ ಕೇಳಿಸುತ್ತೀ. ಓದು ಬಿಟ್ಟದ್ದಕ್ಕೆ ನನಗೆ ಸಿಟ್ಟಿದೆ, ಅದು ಇಳಿಯಲು ಹೊತ್ತು ಬೇಕು. ಪತ್ರ ಬಿಟ್ಟರೆ ಮಾತ್ರ ಲೀಡ್ಸಿಗೇ ಬಂದು ಕೂರುತ್ತೇನೆ, ನೋಡು.

ನಿನ್ನ ತಾಯಿ ನಾಲ್ಕು ವರ್ಷದ ನಿನ್ನನ್ನು ನನ್ನ ಕೈಗಿಟ್ಟು ತೀರಿಕೊಂಡಳು. ಇನ್ನೂ ಚೆನ್ನಾಗಿ ನೋಡಿಕೊಳ್ಳಬೇಕಿತ್ತೇನೋ.

ನಿನ್ನ ಅಪ್ಪ,
ಸಿದ್ದರಾಮಪ್ಪ

*

ಲೀಡ್ಸ್
2 ನವೆಂಬರ್ 1997

ಅಪ್ಪಾ,

ನಮಸ್ಕಾರ. ನಿಮ್ಮ ಜಗಳಕ್ಕೂ ಒಂದು ನಮಸ್ಕಾರ.

ಅರ್ಧ ತಲೆ ಅಲ್ಲ, ಒಂದು ಪಕ್ಕ ಮಾತ್ರ. ರಾಜಶೇಖರ ಅಂಕಲ್‌ಗೆ ಹೇಳಿ, ಅವರ ತಲೆಗಿಂತ ನನ್ನ ತಲೆಯಲ್ಲಿ ಇನ್ನೂ ಹೆಚ್ಚು ಕೂದಲಿದೆ.

ನಾವು ಮೂವರು. ಮ್ಯಾಂಡಿ ಗಿಟಾರ್ ಬಾರಿಸಿ ಹಾಡುತ್ತಾಳೆ. ಹಾಡುತ್ತಾಳೆ ಎಂದರೆ ಸುಳ್ಳು, ಕಿರುಚುತ್ತಾಳೆ. ಡೀನ್ ಡ್ರಮ್ಸ್. ಅವನು ಬಾರ್ನ್ಸ್‌ಲಿಯವನು, ಬೆಳಗಿನ ಹೊತ್ತು ಬೇಕರಿಯಲ್ಲಿ ಬ್ರೆಡ್ ಬೇಯಿಸುತ್ತಾನೆ, ಪ್ರಾಕ್ಟೀಸಿಗೆ ಬರುವಾಗ ಹುಬ್ಬಿನ ಮೇಲೆ ಹಿಟ್ಟು ಇರುತ್ತದೆ. ನಾನು ಬೇಸ್ ಗಿಟಾರ್. ನಮ್ಮ ಹಾಡುಗಳು ಶುರುವಾಗುವಷ್ಟರಲ್ಲಿ ಮುಗಿಯುತ್ತವೆ. ಪಂಕ್ ಅಂದರೆ ಹಾಗೇ. ಕಲಿತು ಆಮೇಲೆ ನುಡಿಸುವುದಲ್ಲ, ಮೊದಲು ನುಡಿಸುವುದು. ಜನ ಕೆಲವೊಮ್ಮೆ ಚಪ್ಪಾಳೆ ತಟ್ಟುತ್ತಾರೆ, ಕೆಲವೊಮ್ಮೆ ಬಿಯರ್ ಎರಚುತ್ತಾರೆ. ಎರಡೂ ಮೆಚ್ಚುಗೆಯೇ ಎಂದು ಡೀನ್ ಹೇಳುತ್ತಾನೆ.

ಫಾರ್ಮಸಿ ಬಿಟ್ಟದ್ದನ್ನು ನಾನೇ ಹೇಳಬೇಕಿತ್ತು. ಧೈರ್ಯ ಬರಲಿಲ್ಲ.

ಅಪ್ಪಾ, ನಮ್ಮ ಮನೆ ಎಷ್ಟು ನಿಶ್ಶಬ್ದ ಎಂದು ನಿಮಗೆ ಗೊತ್ತಿದೆಯೇ? ಊರು ಬಿಟ್ಟು ಇಲ್ಲಿಗೆ ಬಂದ ಮೇಲೆ ನೀವು ಒಂದು ದಿನವೂ ಅವ್ವನ ಮಾತು ಎತ್ತಲಿಲ್ಲ. ಕೇಳಿದರೆ ಸ್ಟೆತಸ್ಕೋಪು ತೆಗೆದುಕೊಂಡು ನಿಮ್ಮ ದವಾಖಾನೆಗೆ ಹೊರಟುಬಿಡುತ್ತಿದ್ದಿರಿ. ಮ್ಯಾಂಡಿ ಕಿರುಚುವಾಗ ನನ್ನ ಎದೆ ಹಗುರಾಗುತ್ತದೆ. ಅದಕ್ಕೇ ಇಲ್ಲಿದ್ದೇನೆ, ಬೇರೆ ಕಾರಣವಿಲ್ಲ.

ನಿಮ್ಮ
ನೀಲಾ

*

ಲೀಡ್ಸ್
21 ಫೆಬ್ರವರಿ 1999

ಅಪ್ಪಾ,

ನಮಸ್ಕಾರ. ಈ ಸಲ ಬೇಗ ಉತ್ತರ ಬರೆಯಿರಿ, ಒಂದು ಮುಖ್ಯ ವಿಷಯ ಕೇಳುವುದಿದೆ.

ಮ್ಯಾಂಡಿಯ ಗಂಟಲು ಕೆಟ್ಟಿತು. ಕಿರುಚಿ ಕಿರುಚಿ ಧ್ವನಿತಂತುಗಳ ಮೇಲೆ ಗಂಟುಗಳಾಗಿವೆ, ಹಾಡುವ ಹಾಗಿಲ್ಲ. ಬ್ಯಾಂಡು ಮುಗಿಯಿತು ಅಂದುಕೊಂಡೆವು. ಆಗ ಡೀನ್ ನಮ್ಮನ್ನು ಬಾರ್ನ್ಸ್‌ಲಿಗೆ ಅವನ ತಾತನ ಬಳಿ ಕರೆದುಕೊಂಡು ಹೋದ. ತಾತನ ಹೆಸರು ವಾಲ್ಟರ್. ಕಲ್ಲಿದ್ದಲು ಗಣಿಯಲ್ಲಿ ದುಡಿದವರು, ಗಣಿ ಮುಚ್ಚಿದ ಮೇಲೆ ಮನೆಯಲ್ಲಿದ್ದಾರೆ. ಭಾನುವಾರ ಕಾರ್ಮಿಕರ ಕ್ಲಬ್ಬಿನಲ್ಲಿ ಕೌಬಾಯ್ ಹ್ಯಾಟ್ ಹಾಕಿಕೊಂಡು ಕಂಟ್ರಿ ಹಾಡು ನುಡಿಸುತ್ತಾರೆ. ಅಮೆರಿಕವನ್ನು ಕಣ್ಣಿಂದ ನೋಡಿಲ್ಲ, ಸ್ಕಾರ್ಬರೋ ಬೀಚು ದಾಟಿ ಹೋದವರಲ್ಲ. ಸ್ಟೀಲ್ ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ತಂತಿಯ ಮೇಲೆ ಕಬ್ಬಿಣದ ತುಂಡು ಜಾರಿಸಿ ನುಡಿಸುತ್ತಾರೆ. ಆ ನಾದ ಅತ್ತು ಸುಮ್ಮನಾದ ಮಗುವಿನ ಉಸಿರಿನ ಹಾಗಿದೆ.

ನಮ್ಮ ಹಾಡು ಕೇಳಿ ವಾಲ್ಟರ್, "ಹಾಡು ಚೆನ್ನಾಗಿದೆ ಮಕ್ಕಳಾ, ಬಸ್ಸು ತಪ್ಪಿಹೋಗುವವರ ಹಾಗೆ ಯಾಕೆ ಓಡ್ತೀರಿ?" ಎಂದರು. ಅದೇ ಹಾಡುಗಳನ್ನು ನಿಧಾನಕ್ಕೆ ನುಡಿಸಿ ನೋಡಿದೆವು. ಒಳಗೆ ಇಷ್ಟೊಂದು ದುಃಖ ಇತ್ತೆಂದು ನಮಗೇ ಗೊತ್ತಿರಲಿಲ್ಲ.

ಈಗ ಹಾಡುವವಳು ನಾನು. ಮೊನ್ನೆ ಪ್ರಾಕ್ಟೀಸಿನ ನಡುವೆ ನನ್ನ ಬಾಯಿಂದ ಒಂದು ಸಾಲು ತಾನಾಗಿಯೇ ಬಂತು. "ದೂರೇನಿಲ್ಲ ಬಾ, ದೂರೇನಿಲ್ಲ." ಅಪ್ಪಾ, ಅದು ಅವ್ವನ ಹಾಡು! ನಾನು ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೇನೆ. ಊದಿನಕಡ್ಡಿಯ ವಾಸನೆ, ಬಳೆಗಳ ಸದ್ದು, ಅವ್ವ ಹಾಡುತ್ತಿದ್ದಾಳೆ. ಅವಳದೆಂದು ನನಗಿರುವ ನೆನಪು ಇದೊಂದೇ. ಅವಳ ಮುಖವನ್ನು ನಾನು ಫೋಟೋದಲ್ಲಿ ನೋಡಿ ಕಲಿತದ್ದು, ಈ ಹಾಡು ಮಾತ್ರ ನಾನೇ ಕೇಳಿದ್ದು.

ಆ ಒಂದು ಸಾಲು ಬಿಟ್ಟರೆ ಮುಂದಿನದು ನೆನಪಿಲ್ಲ. ಅದನ್ನೇ ಹಾಡಿ, ಸುಮ್ಮನಿದ್ದು, ಮತ್ತೆ ಅದನ್ನೇ ಹಾಡುತ್ತೇನೆ. ಸುಮ್ಮನಿರುವ ಜಾಗದಲ್ಲಿ ವಾಲ್ಟರ್ ಮೆಲ್ಲಗೆ ತಂತಿ ಜಾರಿಸುತ್ತಾರೆ. ಮ್ಯಾಂಡಿ, ಡೀನ್ ಇಬ್ಬರೂ ಸಾಲು ಕಲಿತು ನನ್ನೊಂದಿಗೆ ಹಾಡುತ್ತಾರೆ. ಮ್ಯಾಂಡಿಯ ಒಡೆದ ದನಿಗೂ ಅದು ಒಗ್ಗುತ್ತದೆ. ಉಳಿದ ಸಾಲುಗಳು ನಿಮಗೆ ಗೊತ್ತಿರಬೇಕಲ್ಲ, ಬರೆದು ಕಳಿಸಿ.

ನಿಮ್ಮ
ನೀಲಾ

*

ವುಲ್ವರ್‌ಹ್ಯಾಂಪ್ಟನ್
28 ಮಾರ್ಚ್ 1999

ನೀಲವ್ವಾ,

ಆಶೀರ್ವಾದ. ಉತ್ತರ ತಡವಾಯಿತು. ಫ್ಲೂ ಕಾಲ, ದವಾಖಾನೆಯ ತುಂಬ ಕೆಮ್ಮುವವರು.

ಮ್ಯಾಂಡಿಗೆ ಹೇಳು, ಪಿಸುಗುಟ್ಟುವುದೂ ಬೇಡ. ಪಿಸುಮಾತಿನಿಂದ ಗಂಟಲು ಉಳಿಯುತ್ತದೆ ಎಂದು ಜನ ತಿಳಿದಿದ್ದಾರೆ, ಅದು ತಪ್ಪು. ನೀರು ಚೆನ್ನಾಗಿ ಕುಡಿಯಲಿ, ಸ್ಪೀಚ್ ಥೆರಪಿಗೆ ತಪ್ಪದೆ ಹೋಗಲಿ. ಆ ವಾಲ್ಟರ್ ಎಂಬವರ ಎದೆಯ ಎಕ್ಸ್‌ರೇ ಆಗಿದೆಯೇ ಕೇಳು. ಗಣಿಯವರ ಶ್ವಾಸಕೋಶ ನನಗೆ ಗೊತ್ತು.

ನೀನು ಕೇಳಿದ ಹಾಡು ನನಗೆ ನೆನಪಿಲ್ಲ.

ಹಿತ್ತಲಿನಲ್ಲಿ ಮೆಂತ್ಯ ಹಾಕಿದ್ದೇನೆ. ಬಿಸಿಲು ಬಂದರೆ ಬರಬಹುದು.

ನಿನ್ನ ಅಪ್ಪ,
ಸಿದ್ದರಾಮಪ್ಪ

*

ಮ್ಯಾಂಚೆಸ್ಟರ್
14 ಅಕ್ಟೋಬರ್ 2001

ಅಪ್ಪಾ,

ನಮಸ್ಕಾರ. ಪತ್ರಗಳು ತಿಂಗಳಿಂದ ತಿಂಗಳಿಗೆ ಚಿಕ್ಕವಾಗುತ್ತಿವೆ ಎಂದು ಬೈದಿದ್ದಿರಿ. ತೆಗೆದುಕೊಳ್ಳಿ, ದೊಡ್ಡ ಸುದ್ದಿ.

ನಮ್ಮ ಸಿಡಿ ಬಂತು! ಇಲ್ಲಿನ ಒಂದು ಚಿಕ್ಕ ಕಂಪನಿ ತಂದಿದೆ. ಅಂಗಡಿಗಳಲ್ಲಿ ನಮ್ಮನ್ನು ಎಲ್ಲಿಡುವುದೆಂದು ಯಾರಿಗೂ ತಿಳಿಯುತ್ತಿಲ್ಲ. ಹೆಸರು ನೋಡಿದವರು ಪಂಕ್ ಎಂದು ಒಂದು ಕಡೆ ಇಡುತ್ತಾರೆ, ಕೇಳಿದವರು ಕಂಟ್ರಿ ಎಂದು ಇನ್ನೊಂದು ಕಡೆ ಇಡುತ್ತಾರೆ. ಮ್ಯಾಂಡಿ ಅಂಗಡಿ ಅಂಗಡಿಗೆ ಹೋಗಿ ಯಾರೂ ನೋಡದಿದ್ದಾಗ ಎದುರಿಗೆ ತಂದಿಟ್ಟು ಬರುತ್ತಾಳೆ.

ಅವ್ವನ ಹಾಡು ರೇಡಿಯೋದಲ್ಲಿ ಬರುತ್ತಿದೆ. ಒಂದಕ್ಷರ ಅರ್ಥವಾಗದ ಜನ ಅದನ್ನೇ ಮತ್ತೆ ಕೇಳುತ್ತಾರೆ. ಒಂದು ಪತ್ರಿಕೆ ಬರೆಯಿತು, ಈ ಹುಡುಗಿಗೆ ಎಲ್ಲಿ ಸುಮ್ಮನಿರಬೇಕೆಂದು ಗೊತ್ತು ಎಂದು. ಸಾಲು ಮರೆತಿದ್ದಕ್ಕೆ ಇಷ್ಟು ಹೊಗಳಿಕೆ.

ಮುಂದಿನ ತಿಂಗಳು ಬರ್ಮಿಂಗ್‌ಹ್ಯಾಮ್‌ನಲ್ಲಿ ಹಾಡುತ್ತೇವೆ, ನಿಮ್ಮ ಮನೆಯ ಬಾಗಿಲಲ್ಲೇ. ಬನ್ನಿ ಅಪ್ಪಾ. ಅಲ್ಲಿ ಬಾಗಿಲು ಕಾಯುವವರಿಗೆ ನಿಮ್ಮ ಹೆಸರು ಹೇಳಿರುತ್ತೇನೆ. ಸೂಟು ಹಾಕಿಕೊಂಡು ಬರಬೇಡಿ, ಪೊಲೀಸರು ಎಂದುಕೊಂಡಾರು. ವಾಲ್ಟರ್ ಕೂಡ ನಮ್ಮೊಂದಿಗೆ ವ್ಯಾನಿನಲ್ಲಿ ಬರುತ್ತಾರೆ, ನಿಮ್ಮನ್ನು ಭೇಟಿಯಾಗಬೇಕಂತೆ.

ಆ ಹಾಡು ಹಾಡುವಾಗಲೆಲ್ಲ ಅವ್ವ ನನ್ನ ಪಕ್ಕದಲ್ಲಿ ಇರುತ್ತಾಳೆ. ನೀವೂ ಒಂದು ಸಲ ಎದುರಿಗಿದ್ದರೆ ನಾವು ಮೂವರೂ ಒಂದೇ ಕೋಣೆಯಲ್ಲಿದ್ದಂತೆ ಆಗುತ್ತದೆ. ಅಷ್ಟೇ ನನಗೆ ಬೇಕಾದದ್ದು.

ನಿಮ್ಮ
ನೀಲಾ

*

ವುಲ್ವರ್‌ಹ್ಯಾಂಪ್ಟನ್
25 ನವೆಂಬರ್ 2001

ನೀಲವ್ವಾ,

ನಾನು ಬಂದಿದ್ದೆ. ಹಿಂದೆ, ಕೋಟು ತೂಗುಹಾಕುವ ಕಡೆ ನಿಂತಿದ್ದೆ. ಸೂಟು ಹಾಕಿರಲಿಲ್ಲ.

ನೀನು ಆ ಸಾಲು ಎತ್ತಿಕೊಂಡಾಗ ನನ್ನ ಪಕ್ಕದಲ್ಲಿದ್ದ ಹುಡುಗ ಬಿಯರ್ ಗ್ಲಾಸು ಮೇಲೆತ್ತಿ ಕಣ್ಣುಮುಚ್ಚಿ ಹಾಡಿದ, "ದೂರೇನಿಲ್ಲ ಬಾ." ಅಲ್ಲಿದ್ದವರೆಲ್ಲ ಹಾಡಿದರು. ನಾನು ಹೊರಗೆ ಬಂದು ಕಾರಿನಲ್ಲಿ ಕೂತೆ. ಆಮೇಲೆ ಮನೆಗೆ ಬಂದೆ. ನಿನ್ನನ್ನು ಮಾತನಾಡಿಸದೆ ಬಂದದ್ದಕ್ಕೆ ಈ ಪತ್ರ.

ನೆನಪಿಲ್ಲ ಎಂದು ಬರೆದಿದ್ದೆ. ನೆನಪಿದೆ. ಇದನ್ನು ಹೇಳದೆ ಬದುಕು ಕಳೆಯಬಹುದು ಎಂದುಕೊಂಡಿದ್ದೆ, ಆಗುವುದಿಲ್ಲ.

ನಿನ್ನ ತಾಯಿಗೆ ಹಾಡಲು ಬರುತ್ತಿರಲಿಲ್ಲ. ನಿನ್ನನ್ನು ಮಲಗಿಸುವಾಗ ಬೆನ್ನು ತಟ್ಟುತ್ತಿದ್ದಳು, ಅಷ್ಟೇ. ನೀನು ತಲೆಯಿಟ್ಟು ಮಲಗಿದ್ದ ತೊಡೆ ನಿನ್ನ ಅಜ್ಜಿಯದು. ನಿನ್ನ ತಾಯಿ ಗೌರಿ ನಮ್ಮೆದುರಿಗೆ, ಗೋಡೆಗೆ ಒರಗಿ ಕೂತಿದ್ದಳು. ಹಣೆಗೆ ವಿಭೂತಿ, ಕೊರಳಿಗೆ ಹೂವು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ನಿನಗೆ ನೆನಪಿರುವ ಊದಿನಕಡ್ಡಿ ಅಲ್ಲಿಯದು. ಬಳೆ ಸದ್ದು ನಮ್ಮ ಓಣಿಯ ಹೆಂಗಸರದು. ಆ ಪದ ಹೋದವರ ಮುಂದೆ ಅವರು ಹಾಡುವ ಪದ. ಬದುಕಿರುವವರ ಮನೆಯಲ್ಲಿ ಅದನ್ನು ಗುನುಗುವುದೂ ಇಲ್ಲ.

ಅದನ್ನು ಹಾಡಬೇಡ. ನಿನ್ನ ತಲೆ, ನಿನ್ನ ಓದು, ನಿನ್ನ ಬ್ಯಾಂಡು, ಎಲ್ಲ ನಿನ್ನಿಷ್ಟ. ಇದೊಂದು ನನಗಾಗಿ ಬಿಡು. ಗ್ಲಾಸು ಹಿಡಿದವರ ನಡುವೆ ಗೌರಿಯನ್ನು ನಾನು ಇನ್ನೊಮ್ಮೆ ಕಳಿಸಿಕೊಡಲಾರೆ.

ನಿನ್ನ ಅಪ್ಪ,
ಸಿದ್ದರಾಮಪ್ಪ

*

ಲೀಡ್ಸ್
9 ಡಿಸೆಂಬರ್ 2001

ಅಪ್ಪಾ,

ಇನ್ನು ಹಾಡುವುದಿಲ್ಲ. ಮ್ಯಾಂಡಿಗೂ ಡೀನ್‌ಗೂ ಹೇಳಿದ್ದೇನೆ.

ಅವ್ವನದೆಂದು ನನ್ನ ಬಳಿ ಒಂದೇ ಒಂದು ಇತ್ತು. ಅದೂ ಅವ್ವನದಲ್ಲ ಎಂದಿರಿ. ಅವಳ ದನಿ ಕೇಳಿದ್ದೇನೆ ಎಂದು ಇಷ್ಟು ವರ್ಷ ನಂಬಿದ್ದೆ. ನಾನು ಕೇಳಿದ್ದು ಅವಳು ಇಲ್ಲದಿರುವುದನ್ನು.

ಸಿಟ್ಟಿಲ್ಲ. ಸುಳ್ಳು, ತುಂಬ ಸಿಟ್ಟಿದೆ. ಕನ್ನಡದಲ್ಲಿ ಬರೆಯಲು ಸದ್ಯ ನನ್ನ ಬಳಿ ಏನೂ ಇಲ್ಲ.

ನೀಲಾ

*

ವುಲ್ವರ್‌ಹ್ಯಾಂಪ್ಟನ್
16 ಜೂನ್ 2002

ನೀಲವ್ವಾ,

ಆಶೀರ್ವಾದ. ಪೋಸ್ಟಿನಲ್ಲಿ ಮನೆ ತೆರಿಗೆಯ ಬಿಲ್ಲು ಬಿಟ್ಟರೆ ಬೇರೇನೂ ಬರುತ್ತಿಲ್ಲ.

ರಾಜಶೇಖರ ಭಾನುವಾರ ಟಿವಿಡೇಲಿನ ಗುಡಿಗೆ ಕರೆದುಕೊಂಡು ಹೋಗಿದ್ದ. ನಾನು, "ಲಿಂಗ ಕಟ್ಟಿದವ ನಾ, ನನ್ನ ಬಾಲಾಜಿ ಕಡೆ ಯಾಕ ಕರ್ಕೊಂಡ ಹೊಂಟೀ?" ಎಂದೆ. "ಪುಳಿಯೋಗರೆಗೆ ಜಾತಿ ಇಲ್ಲೋ, ಹತ್ತು ಕಾರು" ಎಂದ. ಚೆನ್ನಾಗಿತ್ತು. ನಿನ್ನ ಪಾಲು ಕಟ್ಟಿಸಿಕೊಂಡು ಬಂದೆ, ಅಭ್ಯಾಸ. ಆಮೇಲೆ ನಾನೇ ತಿಂದೆ.

ಗೌರಿ ನಗುತ್ತಿದ್ದ ರೀತಿಯನ್ನು ನಿನಗೆ ಬರೆಯಬೇಕೆಂದು ಈ ಹಾಳೆ ತೆಗೆದುಕೊಂಡೆ. ಬರೆಯಲು ಆಗುತ್ತಿಲ್ಲ.

ನಿನ್ನ ಅಪ್ಪ,
ಸಿದ್ದರಾಮಪ್ಪ

*

ಬಾರ್ನ್ಸ್‌ಲಿ
8 ಫೆಬ್ರವರಿ 2004

ಅಪ್ಪಾ,

ನಮಸ್ಕಾರ. ಬಹಳ ಕಾಲದ ಮೇಲೆ ಬರೆಯುತ್ತಿದ್ದೇನೆ. ಕ್ರಿಸ್‌ಮಸ್ಸಿಗೊಂದು ಫೋನು, ಹುಟ್ಟಿದ ಹಬ್ಬಕ್ಕೊಂದು ಫೋನು, ಎರಡೂ ಇಂಗ್ಲಿಷಿನಲ್ಲಿ. ಯಾರದೋ ಮಗಳ ಹಾಗೆ ಮಾತನಾಡಿದ್ದು ನನಗೂ ಗೊತ್ತು.

ಸ್ಕಿಪ್ ಫೈರ್ ಆರಿತು. ಆ ಹಾಡು ಬಿಟ್ಟ ಮೇಲೆ ಹೋದಲ್ಲೆಲ್ಲ ಜನ ಅದನ್ನೇ ಕೇಳಿದರು. ಕೂಗಿ ಕೇಳಿದರು, ಹಾಡದಿದ್ದರೆ ಎದ್ದು ಹೋದರು. ಒಂದು ದೊಡ್ಡ ಬ್ಯಾಂಡಿನ ಜೊತೆ ದೇಶ ಸುತ್ತುವ ಅವಕಾಶ ಬಂದಿತ್ತು, ಆ ಹಾಡು ಇರಲೇಬೇಕೆಂದರು. ನಾನು ಒಲ್ಲೆ ಎಂದೆ. ಮ್ಯಾಂಡಿ ನನ್ನನ್ನು ಬೈಯುತ್ತಾಳೆಂದು ಕಾದೆ. "ಅದು ನಿನ್ನ ಅಮ್ಮನ ವಿಷಯ, ಮುಗೀತು" ಎಂದು ಗಿಟಾರಿಗೆ ಚೀಲ ಹಾಕಿದಳು. ಎರಡನೆಯ ಸಿಡಿಯನ್ನು ನಮ್ಮ ನಂಟರೇ ಕೊಳ್ಳಲಿಲ್ಲ. ಈಗ ಅವಳು ಸಾಲ್ಫರ್ಡಿನಲ್ಲಿ ಶಾಲೆ ಮಕ್ಕಳಿಗೆ ಗಿಟಾರ್ ಕಲಿಸುತ್ತಾಳೆ. ಡೀನ್ ಪೂರ್ತಿ ಬೇಕರಿಯವನಾದ. ನಾನು ಲೀಡ್ಸಿನ ಒಂದು ಔಷಧದಂಗಡಿಯ ಕೌಂಟರಿನಲ್ಲಿದ್ದೇನೆ. ನಗಬೇಡಿ. ಫಾರ್ಮಸಿಗೆ ಬಂದೇ ಬಂದೆ, ಹಿಂಬಾಗಿಲಿನಿಂದ.

ವಾಲ್ಟರ್ ಗುರುವಾರ ತೀರಿಕೊಂಡರು. ನೀವು ಹೇಳಿದ್ದೇ, ಶ್ವಾಸಕೋಶ. ಕೊನೆಗೆ ಮಾತನಾಡಲು ಉಸಿರು ಸಾಲುತ್ತಿರಲಿಲ್ಲ. ನನ್ನ ಕೈ ಹಿಡಿದು, "ಆ ದೂರೇನಿಲ್ಲ, ನನಗೆ ಒಂದು ಸಲ" ಎಂದರು. ಅದು ಎಂಥ ಹಾಡೆಂದು ಅವರಿಗೆ ನಾನು ಹೇಳಿದ್ದೆ. ತಿಳಿದೇ, ತಮ್ಮ ಮಣ್ಣಿಗೆಂದು ಕೇಳಿದರು.

ಅದು ಸಾವಿನ ಮನೆಯ ಪದವೇ ಆಗಿದ್ದರೆ ಸಾವಿನ ಮನೆಯಲ್ಲಿ ಹಾಡಬಹುದಲ್ಲವೇ? ಆ ಹಾಡಿನ ವಿಷಯದಲ್ಲಿ ನಿಮಗೆ ಕೊಟ್ಟ ಮಾತನ್ನು ನಾನು ಒಂದು ಸಲವೂ ಮುರಿದಿಲ್ಲ ಅಪ್ಪಾ. ಈಗಲೂ ಕೇಳಿಯೇ ಹಾಡುತ್ತೇನೆ. ಮುಂದಿನ ವಾರ ಮಣ್ಣು.

ನಿಮ್ಮ
ನೀಲಾ

*

ವುಲ್ವರ್‌ಹ್ಯಾಂಪ್ಟನ್
10 ಫೆಬ್ರವರಿ 2004

ನೀಲವ್ವಾ,

ಹಾಡು.

ಆದರೆ ನಿನ್ನ ಬಳಿ ಇರುವುದು ಅರ್ಧ. ಆ ಪದವನ್ನು ಒಬ್ಬರೇ ಹಾಡುವುದಿಲ್ಲ. ಎತ್ತುವವರು ಒಬ್ಬರು, ಹಿಡಿಯುವವರು ಉಳಿದವರು. ಎತ್ತುವವರು ಹೋದವರ ಮನೆಯವರೇ ಆಗಬೇಕು. ಅವರು ಹೋದವರ ಬಾಯಾಗಿ, ನಾನು ಇಂಥದನ್ನು ಬಿಟ್ಟು ಹೇಗೆ ಬರಲಿ, ಎಂದು ಒಂದೊಂದೇ ಹೇಳುತ್ತಾರೆ. ಪ್ರತಿ ಮನೆಯಲ್ಲೂ ಆ ಸಾಲುಗಳನ್ನು ಹೊಸದಾಗಿ ಕಟ್ಟುತ್ತಾರೆ. ಹಿಡಿಯುವವರು ಮುಂಚೆ ಹೋದ ಹಿರಿಯರ ಬಾಯಾಗಿ ಕರೆಯುತ್ತಾರೆ, "ದೂರೇನಿಲ್ಲ ಬಾ, ದೂರೇನಿಲ್ಲ." ಎತ್ತಿದವರೇ ಹಿಡಿಯಬಾರದು. ತನ್ನನ್ನು ತಾನೇ ಕರೆದುಕೊಂಡು ಹೋಗಲು ಯಾರಿಗೂ ಆಗುವುದಿಲ್ಲವಲ್ಲ.

ಅಂದು ಎತ್ತಿದವಳು ನನ್ನ ಅಕ್ಕ, ನಿನ್ನ ಗಂಗವ್ವ ಅತ್ತೆ. ಅಜ್ಜಿಯ ತೊಡೆಯ ಮೇಲೆ ನಿದ್ದೆಗಣ್ಣಿನಲ್ಲಿ ನಿನಗೆ ಕೇಳಿದ್ದು ಅಜ್ಜಿಯ ಸಾಲು. ಅತ್ತೆ ಕಟ್ಟಿದ ಎರಡು ಸಾಲು ನನಗೆ ಹಾಗೆಯೇ ಇವೆ.

ಒಲಿ ಮ್ಯಾಲ ಹಾಲೈತಿ, ಉಕ್ಕಿದರ ಯಾರು ನೋಡ್ಯಾರ
ತೊಡಿ ಮ್ಯಾಲ ಮಗಳೈತಿ, ಎದ್ದರ ಯಾರು ಎತ್ಯಾರ

ಬರ್ಮಿಂಗ್‌ಹ್ಯಾಮ್‌ನಲ್ಲಿ ನೀನು ಸುಮ್ಮನಾದ ಕಡೆಯಲ್ಲೆಲ್ಲ ನನಗೆ ಈ ಸಾಲುಗಳು ಕೇಳಿದವು. ಅದಕ್ಕೇ ನಿಲ್ಲಲಾಗಲಿಲ್ಲ. ಅದನ್ನು ಆಗಲೇ ಬರೆಯಬೇಕಿತ್ತು, ಬರೀ ಬೇಡ ಎಂದು ಬರೆದೆ.

ಎತ್ತುವ ಧಾಟಿ ಕಾಗದದಲ್ಲಿ ಬರುವುದಿಲ್ಲ. ನನ್ನ ಮನೆಯಲ್ಲಿ ಹೇಳಿಕೊಡುವಂತಿಲ್ಲ, ನಿನ್ನ ಮನೆಯಲ್ಲೂ ಬೇಡ. ಶನಿವಾರ ಎಂ6 ಹೆದ್ದಾರಿಯ ಸ್ಯಾಂಡ್‌ಬ್ಯಾಚ್ ತಂಗುದಾಣಕ್ಕೆ ಬಾ, ನಾನೂ ಬರುತ್ತೇನೆ. ಕಾರ್ ಪಾರ್ಕು ಯಾರ ಮನೆಯೂ ಅಲ್ಲ.

ನಿನ್ನ ಅಪ್ಪ,
ಸಿದ್ದರಾಮಪ್ಪ

*

ಲೀಡ್ಸ್
22 ಫೆಬ್ರವರಿ 2004

ಅಪ್ಪಾ,

ನಮಸ್ಕಾರ.

ವಾಲ್ಟರ್ ಅವರ ಕ್ಲಬ್ಬು ತುಂಬಿತ್ತು. ಎತ್ತಬೇಕಾದವನು ಮೊಮ್ಮಗನೇ ಎಂದು ಡೀನ್‌ಗೆ ಹೇಳಿದೆ. ಸ್ಯಾಂಡ್‌ಬ್ಯಾಚ್‌ನಲ್ಲಿ ನೀವು ಹೇಳಿಕೊಟ್ಟ ಧಾಟಿಯನ್ನು ಬೇಕರಿಯ ಹಿತ್ತಲಿನಲ್ಲಿ ಅವನಿಗೆ ಕಲಿಸಿದ್ದೆ. ಸಾಲು ಅವನೇ ಇಂಗ್ಲಿಷಿನಲ್ಲಿ ಕಟ್ಟಿದ. ಗೂಟಕ್ಕೆ ಹ್ಯಾಟಿದೆ, ಯಾರು ಹಾಕಿಕೊಂಡಾರು. ಸ್ಟೌವ್ ಮೇಲೆ ಕೆಟಲ್ ಇದೆ, ಕೂಗಿದರೆ ಯಾರು ಇಳಿಸಿಯಾರು. ಮ್ಯಾಂಡಿ ಮತ್ತು ನಾನು ಹಿಡಿದೆವು. ನಾಲ್ಕನೆಯ ಸಲಕ್ಕೆ ಗಣಿಯ ಮುದುಕರೆಲ್ಲ ಕನ್ನಡದಲ್ಲಿ ವಾಲ್ಟರ್ ಅವರನ್ನು ಕರೆದರು.

ಕಾರಿನ ಗಾಜು ಏರಿಸಿಕೊಂಡು, ಲಾರಿಗಳ ನಡುವೆ ನೀವು ಹಾಡಿದ್ದನ್ನು ನಾನು ಮರೆಯುವುದಿಲ್ಲ. ನಿಮಗೆ ಇಷ್ಟು ಒಳ್ಳೆಯ ದನಿಯಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಹಾಡಿ ಮುಗಿಸಿ ಅವ್ವ ಹೇಗೆ ನಗುತ್ತಿದ್ದಳೆಂದು ತೋರಿಸಲು ಹೋಗಿ ನೀವೇ ಅತ್ತಿರಿ. ಆ ನಗು ನನಗೆ ಸಿಕ್ಕಿತು ಅಪ್ಪಾ, ಅಳುವಿನ ನಡುವೆಯೂ ಸಿಕ್ಕಿತು.

ಈ ತಿಂಗಳಿನಿಂದ ಪತ್ರ ತಪ್ಪುವುದಿಲ್ಲ.

ನಿಮ್ಮ
ನೀಲಾ

*

ವುಲ್ವರ್‌ಹ್ಯಾಂಪ್ಟನ್
7 ಮೇ 2006

ನೀಲವ್ವಾ,

ಆಶೀರ್ವಾದ. ರಿಟೈರಾದೆ. ಬೀಳ್ಕೊಡುಗೆಗೆ ನನ್ನ ರೋಗಿಗಳು ಒಂದು ಗೋಡೆ ಗಡಿಯಾರ ಕೊಟ್ಟರು. ಹೊತ್ತು ನೋಡುವ ಕೆಲಸವೇ ಇಲ್ಲದವನಿಗೆ ಗಡಿಯಾರ.

ಎದೆಯ ಬಗ್ಗೆ ನೀನು ಕೇಳಿದ್ದಕ್ಕೆ ಉತ್ತರ: ಹಳೆಯ ಪಂಪು, ಎಳೆಯುವಷ್ಟು ದಿನ ಎಳೆಯುತ್ತದೆ. ಡಾಕ್ಟರಿಗೆ ಪಾಠ ಹೇಳಬೇಡ.

ಬೇಸಿಗೆಯಲ್ಲಿ ನಿನ್ನ ಮ್ಯಾಂಡಿಯನ್ನೂ ಡೀನನನ್ನೂ ಕರೆದುಕೊಂಡು ಬಾ. ಜೋಳದ ರೊಟ್ಟಿ ಬಡಿಯುತ್ತೇನೆ. ಡೀನ್ ಬೇಕರಿಯವನಲ್ಲವೇ, ನನ್ನ ರೊಟ್ಟಿಯ ಮುಂದೆ ಅವನ ಬ್ರೆಡ್ಡು ನಾಚಬೇಕು. ಹಿತ್ತಲಿನಲ್ಲಿ ಬ್ಯಾಂಡು ಬಾರಿಸಿ. ಪಕ್ಕದ ಮನೆಯವರು ದೂರು ಕೊಟ್ಟರೆ ಕೊಡಲಿ, ಇಷ್ಟು ವರ್ಷ ನಾನು ಅವರಿಗೆ ಒಂದು ಸದ್ದೂ ಕೊಟ್ಟಿಲ್ಲ.

ಇನ್ನೊಂದು ಮಾತು. ನೀನು ಪದ ಎತ್ತಬೇಕಾದ ದಿನ ಒಂದು ಬರುತ್ತದೆ. ಹಿಡಿಯುವವರನ್ನು ಈಗಲೇ ನೋಡಿಟ್ಟುಕೋ. ರಾಜಶೇಖರನನ್ನು ನಂಬಬೇಡ, ಅವನಿಗೆ ಶ್ರುತಿಯಿಲ್ಲ.

ನಿನ್ನ ಅಪ್ಪ,
ಸಿದ್ದರಾಮಪ್ಪ

*

ವುಲ್ವರ್‌ಹ್ಯಾಂಪ್ಟನ್
21 ಜನವರಿ 2007

ಪೂಜ್ಯ ಗಂಗವ್ವ ಅತ್ತೆಗೆ,

ನಿಮ್ಮ ತಮ್ಮನ ಮಗಳು ನೀಲಾಂಬಿಕಾ ಮಾಡುವ ನಮಸ್ಕಾರ. ಈ ಪತ್ರ ಓದಿ ಹೇಳುವವರು ಯಾರೇ ಇರಲಿ, ನಿಧಾನಕ್ಕೆ ಓದಲಿ.

ಫೋನಿನಲ್ಲಿ ನೀವು, "ನನ್ನ ತಮ್ಮನ್ನ ಹೆಂಗ ಕಳಿಸಿದಿರಿ, ಎಲ್ಲಾ ಬರದು ಕಳಸವಾ, ಅಳಕೋತ ಕೇಳಿದರ ತಿಳಿಯೂದಿಲ್ಲ" ಎಂದಿರಿ. ಅದಕ್ಕೆ ಬರೆಯುತ್ತಿದ್ದೇನೆ.

ಅಪ್ಪ ನಿದ್ದೆಯಲ್ಲೇ ಹೋದರು. ಕೂರಿಸಬೇಕೆಂದು ಕೇಳಿದೆ ಅತ್ತೆ. ಇಲ್ಲಿ ಆಗುವುದಿಲ್ಲವೆಂದರು. ಪೆಟ್ಟಿಗೆಯಲ್ಲಿ ಮಲಗಿಸಿಯೇ ಮನೆಗೆ ತಂದರು. ತಲೆಯ ಕೆಳಗೆ ಎರಡು ದಿಂಬು ಇಟ್ಟು ಆದಷ್ಟು ಎತ್ತರ ಮಾಡಿದೆ. ಹಣೆಗೆ ನಾನೇ ವಿಭೂತಿ ಹಚ್ಚಿದೆ, ಅಂಗೈಗೆ ಲಿಂಗ ಇಟ್ಟೆ.

ಮುಂದಿನ ಕೋಣೆ ತುಂಬ ಜನ. ಆಸ್ಪತ್ರೆಯ ಡಾಕ್ಟರುಗಳು, ಅಪ್ಪನ ಹಳೆಯ ರೋಗಿಗಳು, ನಮ್ಮ ಕಡೆಯವರು. ರಾಜಶೇಖರ ಅಂಕಲ್ ಭಜನೆ ಪುಸ್ತಕ ತಂದಿದ್ದರು. ಎಲ್ಲರೂ ಓದಿದರು, ಚೆನ್ನಾಗಿಯೇ ಓದಿದರು. ಆಮೇಲೆ ನಾನು ಅಪ್ಪನ ಪಕ್ಕ ಕೂತು ಪದ ಎತ್ತಿದೆ.

ಮೇಜಿನ ಮ್ಯಾಲ ಪೆನ್ನೈತಿ, ಕಾಗದ ಯಾರು ಬರದಾರ

ಎತ್ತಿ ನಿಲ್ಲಿಸಿದೆ. ಯಾರೂ ಹಿಡಿಯಲಿಲ್ಲ. ನಮ್ಮವರಲ್ಲಿ ಯಾರಿಗೂ ಆ ಪದ ಗೊತ್ತಿಲ್ಲ ಅತ್ತೆ. ಬೆಂಗಳೂರಿನವರು ತಲೆ ತಗ್ಗಿಸಿದರು. ರಾಜಶೇಖರ ಅಂಕಲ್ ಪುಸ್ತಕದ ಹಾಳೆ ತಿರುವಿ ಹುಡುಕುತ್ತಿದ್ದರು. ಎತ್ತಿದವಳು ನಾನು, ಹಿಡಿಯುವ ಹಾಗಿಲ್ಲ. ಅಪ್ಪ ಹಾಗೆಯೇ ದಾರಿಯಲ್ಲಿ ನಿಂತುಬಿಡುತ್ತಾರೆ ಎಂದು ನನಗೆ ಭಯವಾಯಿತು.

ಆಗ ಬಾಗಿಲ ಹತ್ತಿರದಿಂದ ಉತ್ತರ ಬಂತು. ಬೂಟು ಕಳಚಿ ಕಾಲುಚೀಲದಲ್ಲಿ ನಿಂತಿದ್ದರು, ಸಾಲ್ಫರ್ಡಿನಿಂದ ಬಂದ ಮ್ಯಾಂಡಿ, ಬಾರ್ನ್ಸ್‌ಲಿಯಿಂದ ಬಂದ ಡೀನ್. ನನ್ನ ಹಳೆಯ ಬ್ಯಾಂಡಿನವರು. ಬೇಸಿಗೆಯಲ್ಲಿ ಅಪ್ಪನ ಕೈಯ ರೊಟ್ಟಿ ಉಂಡವರು. ಮ್ಯಾಂಡಿಯ ಗಂಟಲು ಒಡೆದದ್ದು, ಪಿಸುದನಿಗಿಂತ ಸ್ವಲ್ಪ ಮೇಲೆ. ಆ ದನಿಯಲ್ಲಿ ಹಿಡಿದಳು.

ದೂರೇನಿಲ್ಲ ಬಾ, ದೂರೇನಿಲ್ಲ

ಹಿತ್ತಲಾಗ ಮೆಂತ್ಯ ಐತಿ, ನೀರು ಯಾರು ಹಾಕ್ಯಾರ, ಎಂದೆ. ಇಬ್ಬರೂ ಹಿಡಿದರು. ಗ್ವಾಡಿ ಮ್ಯಾಲ ಗಡಿಯಾರೈತಿ, ಕೀಲಿ ಯಾರು ಕೊಟ್ಟಾರ, ಎಂದೆ. ಅಷ್ಟರಲ್ಲಿ ಎಲ್ಲರೂ ಕಲಿತಿದ್ದರು. ರಾಜಶೇಖರ ಅಂಕಲ್ ಶ್ರುತಿ ಬಿಟ್ಟು, ಕಣ್ಣೀರು ಸುರಿಸುತ್ತ ಎಲ್ಲರಿಗಿಂತ ಜೋರಾಗಿ ಹಾಡಿದರು.

ಕೊನೆಯ ಸಾಲು ನೀವು ಅವ್ವನಿಗೆ ಕಟ್ಟಿದ್ದೇ. ತೊಡೆ ಎನ್ನುವ ಕಡೆ ಮನೆ ಎಂದು ಮಾಡಿಕೊಂಡೆ.

ಮನಿಯಾಗ ಮಗಳೈತಿ, ಅತ್ತರ ಯಾರು ಎತ್ಯಾರ

ಅದಕ್ಕೆ ಉತ್ತರ ಬಂದಾಗ ನನಗೆ ಮ್ಯಾಂಡಿ ಕೇಳಿಸಲಿಲ್ಲ ಅತ್ತೆ. ಹಿಡಿಯುವವರು ಮುಂಚೆ ಹೋದವರ ಬಾಯಾಗಿ ಕರೆಯುತ್ತಾರೆ ಎಂದು ಅಪ್ಪ ಬರೆದಿದ್ದರು. ಅಪ್ಪನನ್ನು ಕರೆಯಲು ಅವ್ವನಲ್ಲದೆ ಇನ್ನಾರು ಬರುತ್ತಾರೆ? ಅವಳಿಗೆ ಹಾಡಲು ಬರುತ್ತಿರಲಿಲ್ಲವಂತೆ. ಅಂದು ಹಾಡಿದಳು, ನಾನು ಕೇಳಿದೆ.

ನನ್ನ ಸಾಲುಗಳು ಸರಿಯಿದ್ದವೇ ಹೇಳಿ, ತಪ್ಪಿದ್ದರೆ ತಿದ್ದಿ. ಅಪ್ಪನಿಗೆ ತಿಂಗಳಿಗೊಂದು ಕಾಗದ ಬರೆಯುತ್ತಿದ್ದೆ, ಕನ್ನಡದಲ್ಲಿ. ಇನ್ನು ಅದನ್ನು ನಿಮಗೆ ಬರೆಯಲೇ?

ನಿಮ್ಮ ತಮ್ಮನ ಮಗಳು,
ನೀಲಾಂಬಿಕಾ